ವೈಬರ್ನಮ್ಮಿಗೆ ಎದ್ದ ಗಂಟು

ಪ್ರೆಸ್ಸಿನ ಓವರ್‌ಟೈಮಿನಿಂದಾಗಿ ಹದಿನೈದು ದಿನ ಕತ್ತಲಲ್ಲೇ ಗಿಡಕ್ಕೆ ನೀರು ಹಾಕಿದ್ದ ಪ್ರೂಫ್ ರೀಡರ್, ರಜೆಯ ದಿನ ಬೆಳಕಿನಲ್ಲಿ ಅದನ್ನು ನೋಡಿ ಬೆಚ್ಚಿಬಿದ್ದ. ಮನೆ ಒಡತಿಯ ವೈಬರ್ನಮ್ ಎಂಬ ಅಲಂಕಾರದ ಗಿಡದ ತುಂಬಾ ನಿಂಬೆಹಣ್ಣಿನ ಗಾತ್ರದ ಹಸಿರು ಉಂಡೆಗಳು ಎದ್ದಿದ್ದವು.

ಆರು ತಿಂಗಳ ಹಿಂದೆ ಮಗಳ ಮನೆಗೆ ಹೊರಟಾಗ ಒಡತಿ ಖಡಾಖಂಡಿತವಾಗಿ ಹೇಳಿದ್ದರು: "ನಮ್ಮ ಯಜಮಾನರು ನೆಟ್ಟ ಗಿಡ ಇದು. ಇಪ್ಪತ್ತು ವರ್ಷದಿಂದ ಒಂದು ಹೂ ಬಿಟ್ಟಿಲ್ಲ, ಆದ್ರೂ ನನಗೆ ಪ್ರಾಣ. ಚಳಿಗಾಲದಲ್ಲಿ ತಪ್ಪದೆ ರೆಂಬೆ ಕತ್ತರಿಸಿ. ಗಿಡಕ್ಕೇನಾದ್ರೂ ಆಯ್ತೋ, ಅವತ್ತೇ ಮನೆ ಖಾಲಿ ಮಾಡ್ಬೇಕು." ಊರಿನ ತಪ್ಪನ್ನೆಲ್ಲ ತಿದ್ದುವ ಪ್ರೂಫ್ ರೀಡರ್ ರೆಂಬೆ ಕತ್ತರಿಸುವುದನ್ನು ಮಾತ್ರ ಮರೆತಿದ್ದ. ಒಡತಿ ಇವತ್ತು ಸಂಜೆ ಬರುವವರಿದ್ದರು.

ಪಕ್ಕದ ಮನೆಯ ಕಾಂಪೌಂಡರ್ ಗೋಡೆಯ ಮೇಲಿಂದ ಇಣುಕಿದ. "ಗಂಟು! ಸಂಶಯವೇ ಇಲ್ಲ. ಇಪ್ಪತ್ತೈದು ವರ್ಷದ ಅನುಭವ ನಂದು."

"ಆ ಅನುಭವ ಮನುಷ್ಯರದ್ದಲ್ವಾ ಸಾರ್?"

"ಗಂಟು ಅಂದ್ಮೇಲೆ ಗಂಟು ಕಣ್ರೀ! ಬೇರಿಗೆ ಇಳಿಯೋದ್ರೊಳಗೆ ಕತ್ತರಿಸಿ ಹಾಕಿ."

ಎದುರುಮನೆಯ ಟೈಲರ್ ಕರೆಯುವ ಮೊದಲೇ ಕತ್ತರಿ ಹಿಡಿದು ಬಂದ. ಅರ್ಧ ಗಂಟೆಯಲ್ಲಿ ಗಿಡ ಹೊಸದಾಗಿ ಕ್ಷೌರ ಮಾಡಿಸಿಕೊಂಡ ತಲೆಯಂತಾಯಿತು. ರೋಗ ಹರಡದಿರಲಿ ಎಂದು ಕಾಂಪೌಂಡರ್ ಉಂಡೆಗಳನ್ನೆಲ್ಲ ಬಕೆಟ್ ನೀರಿನಲ್ಲಿ ಹಾಕಿಸಿದ. ಮೂವರೂ ಗೆದ್ದವರಂತೆ ಕಾಫಿ ಕುಡಿದರು.

ಮಧ್ಯಾಹ್ನ ತಳ್ಳುಗಾಡಿಯಲ್ಲಿ ಸಸಿ ಮಾರುವವನು ಗೇಟಿನ ಬಳಿ ನಿಂತು ಬಕೆಟ್ ನೋಡಿದ. "ಅಯ್ಯೋ ಪುಣ್ಯಾತ್ಮ, ಹೂವೆಲ್ಲ ಕತ್ತರಿಸಿಬಿಟ್ರಲ್ಲ!"

"ಹೂವಾ? ಹಸಿರಾಗಿದೆಯಲ್ಲಪ್ಪ!" ಎಂದ ಕಾಂಪೌಂಡರ್ ಗೋಡೆಯ ಮೇಲಿಂದ.

"ಮೊದಲು ಹಸಿರಾಗೇ ಬರೋದು, ಆಮೇಲೆ ಬೆಳ್ಳಗಾಗುತ್ತೆ. ಇದು ಹಿಂದಿನ ವರ್ಷದ ರೆಂಬೇಲಿ ಮೊಗ್ಗು ಕಟ್ಟೋ ಗಿಡ. ಪ್ರತಿ ಚಳಿಗಾಲ ಆ ರೆಂಬೇನೇ ಕತ್ತರಿಸಿದ್ರೆ ಹೂ ಎಲ್ಲಿಂದ ಬರ್ಬೇಕು? ಈ ವರ್ಷ ಕತ್ತರಿಸಿಲ್ಲ, ಅದಕ್ಕೇ ಬಿಟ್ಟಿದೆ."

ಕಾಂಪೌಂಡರ್‌ಗೆ ತಟ್ಟನೆ ಕ್ಲಿನಿಕ್ಕಿನ ನೆನಪಾಗಿ ಗೋಡೆಯ ಹಿಂದೆ ಮಾಯವಾದ. ಪ್ರೂಫ್ ರೀಡರ್ ಬಕೆಟ್ಟಿನಿಂದ ಒಂದೊಂದೇ ಉಂಡೆ ಎತ್ತಿ ನೋಡಿದ. ಇಪ್ಪತ್ತು ವರ್ಷಕ್ಕೆ ಬಿಟ್ಟ ಹೂವನ್ನು ಬಕೆಟ್ಟಿಗೆ ಹಾಕಿದವನನ್ನು ಒಡತಿ ಉಳಿಸುತ್ತಾರೆಯೇ?

"ಯಾಕೆ ಸಾರ್ ಯೋಚನೆ? ಕತ್ತರಿಸಿದ್ದನ್ನ ಸೇರಿಸೋದೇ ನನ್ನ ಕಸುಬು" ಎಂದು ಟೈಲರ್ ಹಸಿರು ದಾರದ ಉಂಡೆ ತಂದ. ಸಂಜೆಯವರೆಗೆ ಇಬ್ಬರೂ ಬೆವರು ಸುರಿಸುತ್ತಾ ಒಂದೊಂದೇ ಹೂವನ್ನು ರೆಂಬೆಗೆ ಕಟ್ಟಿದರು. ಕೊನೆಯ ಗಂಟು ಬೀಳುವುದಕ್ಕೂ ಗೇಟು ಕಿರ್ರೆನ್ನುವುದಕ್ಕೂ ಸರಿಹೋಯಿತು.

ಒಡತಿ ಚೀಲ ಕೆಳಗಿಟ್ಟು ನಿಂತುಬಿಟ್ಟರು. ಕಣ್ಣು ತುಂಬಿ ಬಂತು. "ಹೂ ಬಿಟ್ಟಿದೆ! ನಮ್ಮ ಯಜಮಾನರ ಗಿಡ ಹೂ ಬಿಟ್ಟಿದೆ!"

"ಮುಟ್ಟಬೇಡಿ ಅಮ್ಮಾ, ಎಳೇದು" ಎಂದು ಪ್ರೂಫ್ ರೀಡರ್ ಅಡ್ಡ ನಿಂತ.

"ಏನು ಕೈಗುಣಾನಪ್ಪ ನಿಮ್ದು! ನಿಜ ಹೇಳ್ತೀನಿ, ಮಗಳ ಮನೇಲೇ ಉಳಿದುಬಿಡ್ತೀನಿ, ನೀವು ಇನ್ನೂ ಹತ್ತು ವರ್ಷ ಇಲ್ಲೇ ಆರಾಮಾಗಿರಿ ಅಂತ ಹೇಳೋಕೇ ಬಂದೆ."

"ಇರ್ತೀನಮ್ಮಾ, ಖಂಡಿತ ಇರ್ತೀನಿ!"

"ಇದನ್ನ ನೋಡಿದ್ಮೇಲೆ ಹೇಗಪ್ಪ ಹೋಗ್ಲಿ? ಇನ್ನು ಈ ಮನೇಲಿ ನಾನೇ ಇರ್ತೀನಿ. ನೀವು ಒಂದು ತಿಂಗಳಲ್ಲಿ ಬೇರೆ ಮನೆ ನೋಡ್ಕೊಳ್ಳಿ."

ನಿಜ ಹೇಳಿದರೆ ಇವತ್ತೇ ಖಾಲಿ ಮಾಡಬೇಕೆಂದು ಪ್ರೂಫ್ ರೀಡರ್‌ಗೆ ಗೊತ್ತಿತ್ತು. ದಾರ ಕಟ್ಟಿದ ಹೂ ಎಷ್ಟು ಹೊತ್ತು ಬಾಡದೆ ನಿಲ್ಲಬಹುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ.

"ತಿಂಗಳೆಲ್ಲ ಯಾಕಮ್ಮಾ?" ಎಂದ ವಿನಯದಿಂದ. "ನಾಳೆ ಬೆಳಿಗ್ಗೆನೇ ಖಾಲಿ ಮಾಡ್ತೀನಿ."