ಅಂಕ ಕಮ್ಮಿ ಬಂದವರೇ ಪಾಸು

ನಮ್ಮ ಕ್ಲಾತೆನ್ ಊರಿನ ಕಚೇರಿಯವರು ಬಡತನ ಅಳೆಯುವುದಕ್ಕೆಂದೇ ನೂರು ಅಂಕದ ಒಂದು ಪರೀಕ್ಷೆ ಕಂಡುಹಿಡಿದಿದ್ದಾರೆ. ನೆಲಕ್ಕೆ ಇಷ್ಟು, ಒಲೆಗೆ ಇಷ್ಟು, ಪಾಯಖಾನೆಗೆ ಇಷ್ಟು. ಒಟ್ಟು ಮೂವತ್ತರೊಳಗೆ ಬಂದವನು ಬಡವ. ದಾಟಿದವನು ಸಾಕ್ಷಾತ್ ಕುಬೇರ. (ಹೊಟ್ಟೆಗೆ ಅಂಕವಿಲ್ಲ. ಅದು ಖಾಲಿಯೋ ಭರ್ತಿಯೋ ಹೊರಗಿನಿಂದ ಕಾಣುವುದಿಲ್ಲವಂತೆ.)

ಈ ಪರೀಕ್ಷೆಯಲ್ಲಿ ನಾವು ಪಾಸಾಗಲೇಬೇಕಿತ್ತು. ಮಗಳು ಸೆಕಾರ್‌ಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಬಡವರ ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಶುಲ್ಕ ಮಾಫಿ.

ನಾನು ಗಡಿಯಾರ ರಿಪೇರಿ ಮಾಡುವವನು. ಜನ ಮೊಬೈಲಿನಲ್ಲಿ ಹೊತ್ತು ನೋಡಲು ಕಲಿತ ಮೇಲೆ ನನಗೆ ಹೊತ್ತು ಹೋಗುವುದೇ ಕಷ್ಟವಾಗಿದೆ. ಮನೆ ನಡೆಯುವುದು ಹೆಂಡತಿ ಸುಕಿನೆಮ್ ಸಂತೆಯಲ್ಲಿ ಮಾರುವ, ಸೋಯಾ ಕಾಳು ಹುಳಿಸಿ ಮಾಡಿದ ಟೆಂಪೆಯಿಂದ, ಮತ್ತು ಅವಳು ಮಹಿಳಾ ಸಂಘದ ಸಾಲದಲ್ಲಿ ತಂದ ಫ್ರಿಜ್ಜಿನ ಐಸ್‌ಕ್ಯಾಂಡಿಯಿಂದ. ಆದರೆ ಆ ಫ್ರಿಜ್ಜಿಗೆ ಹತ್ತು ಅಂಕ!

ಆಗ ನನ್ನ ತಲೆಯಲ್ಲೊಂದು ದಿವ್ಯಾಲೋಚನೆ ಉದಯಿಸಿತು. ಸಮೀಕ್ಷೆಯವನು ಬರುವ ದಿನ ಬೆಳಿಗ್ಗೆಯೇ ಫ್ರಿಜ್ಜನ್ನು ತಳ್ಳುಗಾಡಿಯಲ್ಲಿ ಪಕ್ಕದ ಮನೆಯ ವಾರ್ಸಿತಿಯ ಅಡುಗೆಮನೆಗೆ ಸಾಗಿಸಿದೆ. ಹರಕು ಬನಿಯನ್ ತೊಟ್ಟು, ಮಾಸಿದ ಸರೋಂಗು ಲುಂಗಿ ಸುತ್ತಿಕೊಂಡೆ. ಕೈಯೊರೆಸಿಕೊಂಡು ಒಳಗೆ ಬಂದು ನೋಡಿದರೆ, ಫ್ರಿಜ್ ಹೋದ ಜಾಗದಲ್ಲಿ ವಾರ್ಸಿತಿಯ ಕೆಂಪು ಸೋಫಾ! ಮೇಜಿನ ಮೇಲೆ ಅವಳದೇ ಹೂವಿನ ಚಿತ್ರದ ಆರು ಕಪ್ಪು.

"ಏನೇ ಇದು?"

"ಮತ್ತೆ? ಮನೆಗೆ ಬಂದವರನ್ನ ಬರೀ ನೆಲದ ಮೇಲೆ ಕೂರ್ಸೋದಾ? ನಮ್ಮಮ್ಮ ಗೋರಿಯಿಂದ ಎದ್ದು ಬಂದು ಬೈತಾರೆ."

"ಅವನು ನೆಂಟ ಅಲ್ಲ ಮಾರಾಯ್ತಿ! ನಮ್ಮ ದಾರಿದ್ರ್ಯ ನೋಡೋಕೆ ಬರ್ತಿರೋನು!"

"ನೋಡ್ಲಿ. ಟೀ ಕುಡೀತಾ ನೋಡ್ಲಿ."

ನನ್ನ ಹೆಂಡತಿಯ ಈ ಒಣ ಜಂಬ ಕಂಡು ನನಗೆ ಹೇಸಿಗೆಯಾಯಿತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರ ಹಣೆಬರಹವೇ ಇಷ್ಟು, ಸಮಯ ಸಂದರ್ಭ ತಿಳಿಯುವುದಿಲ್ಲ.

ಅಷ್ಟರಲ್ಲಿ ಹಪ್ಸೊರೊ ಎಂಬ ಹುಡುಗಮುಖದ ಅಧಿಕಾರಿ ಬಂದೇಬಿಟ್ಟ. ಸೋಫಾದಲ್ಲಿ ಹೂತುಕೊಂಡು, ಬಾಳೆಹಣ್ಣಿನ ಬಜ್ಜಿ ಮೆಲ್ಲುತ್ತ, ಮೊಬೈಲಿನ ಮೇಲೆ ಬೆರಳಾಡಿಸಿದ.

"ಸೋಫಾಗೆ ಐದು ಅಂಕ."

"ಅದು ವಾರ್ಸಿತೀದು ಮಾಸ್," ಎಂದಳು ಸುಕಿನೆಮ್. (ಮಾಸ್, ಪಾ, ಬು ಎಂದರೆ ನಮ್ಮಲ್ಲಿ ಅಣ್ಣಾ, ಅಪ್ಪಾ, ಅಮ್ಮಾ ಎಂದಂತೆ.) "ನಿಮಗೋಸ್ಕರ ತಂದಿದ್ದು. ನಮ್ಮ ಫ್ರಿಜ್ ಅವಳ ಮನೇಲಿದೆ."

ನನ್ನ ಎದೆ ನಿಂತ ಗಡಿಯಾರದಂತಾಯಿತು.

"ಹಾಗಾದ್ರೆ ಫ್ರಿಜ್ಜಿಗೆ ಹತ್ತು."

"ಅದರ ಮೇಲೆ ಹದಿನಾಲ್ಕು ಕಂತು ಸಾಲ ಇದೆ. ಅದನ್ನೂ ಬರ್ಕೊಳ್ಳಿ."

"ಸಾಲಕ್ಕೆ ಕಾಲಮ್ ಇಲ್ಲ ಬು. ಮನೇಲಿ ಏನಿದೆಯೋ ಅದಕ್ಕೆ ಮಾತ್ರ."

(ನೋಡಿ ಇವರ ಜಾಣತನ! ಸಾಲ ಮಾಡಿದವನು ಸಾಲ ಮಾಡದವನಿಗಿಂತ ಶ್ರೀಮಂತ.)

"ಕೊನೇ ಕಂತು ಕಟ್ಟೋವರೆಗೂ ಫ್ರಿಜ್ ಸಂಘದ್ದೇ ಅಂತ ಕಾಗದದಲ್ಲಿದೆ. ನೋಡ್ತೀರಾ?" ಎಂದು ಸುಕಿನೆಮ್ ರಸೀತಿ ಪುಸ್ತಕ ಚಾಚಿದಳು.

ಹಪ್ಸೊರೊ ಓದಿದ, ತಲೆ ಕೆರೆದ, ಇನ್ನೊಂದು ಬಜ್ಜಿ ತಿಂದ. ಸೋಫಾಗೂ ಸೊನ್ನೆ, ಫ್ರಿಜ್ಜಿಗೂ ಸೊನ್ನೆ ಹಾಕಿದ. "ಇಲ್ಲೀವರೆಗೆ ಇಪ್ಪತ್ತಾರು. ಇನ್ನು ಒಂದೇ ಪ್ರಶ್ನೆ. ಮನೆ ಯಜಮಾನರ ಓದು?" ಎಂದವನು ನನ್ನ ಬನಿಯನ್ನಿನ ತೂತುಗಳನ್ನು ಎಣಿಸುವಂತೆ ನೋಡಿ, ತಾನೇ ಉತ್ತರ ಹೇಳಿಬಿಟ್ಟ: "ಶಾಲೆ ಮೆಟ್ಟಿಲು ಹತ್ತಿಲ್ಲ ಅಂತ ಬರ್ಕೊಳ್ಳಲಾ ಪಾ?"

ಸುಮ್ಮನಿದ್ದರೆ ಸೊನ್ನೆ. ಸುಮ್ಮನಿದ್ದರೆ ಮಗಳು ನರ್ಸು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ನಿನ್ನೆ ಮೊನ್ನೆ ಮೀಸೆ ಬಂದವನಿಂದ ಶಾಲೆಯ ಮೆಟ್ಟಿಲಿನ ಮಾತೇ?

"ಏನಂದೆ ತಮ್ಮಾ? ಹನ್ನೆರಡನೇ ಕ್ಲಾಸು! ಜಿಲ್ಲೆಗೇ ಏಳನೆಯವನು!"

ಹಾಸಿಗೆಯಡಿಯಿಂದ ಪ್ರಮಾಣಪತ್ರ ಎಳೆದು ತಂದು ಅವನ ಬಜ್ಜಿ ತಟ್ಟೆಯ ಮೇಲೆಯೇ ಇಟ್ಟೆ. ಸಾಲದೆಂದು ತ್ರಿಕೋನದ ಒಂದು ಪ್ರಮೇಯವನ್ನೂ ಬಾಯಿಪಾಠ ಒಪ್ಪಿಸಿದೆ.

"ಹನ್ನೆರಡನೇ ಕ್ಲಾಸಿಗೆ ಒಂಬತ್ತು ಅಂಕ," ಎಂದ ಹಪ್ಸೊರೊ. "ಮೂವತ್ತೈದು. ನೀವು ಬಡವರಲ್ಲ ಪಾ. ಅಭಿನಂದನೆ."

ಬಾಗಿಲ ಮರೆಯಲ್ಲಿದ್ದ ಸೆಕಾರ್ ಬಿಕ್ಕಿದ್ದು ಕೇಳಿಸಿತು.

"ಫ್ರಿಜ್ ಬದಲು ನಿಮ್ಮನ್ನೇ ವಾರ್ಸಿತಿ ಮನೆಗೆ ಸಾಗಿಸಬೇಕಿತ್ತು," ಎಂದಳು ಸುಕಿನೆಮ್, ಹಲ್ಲು ಕಚ್ಚಿ. ಆಮೇಲೆ ಕಪ್ಪಿಗೆ ಟೀ ಬಗ್ಗಿಸುತ್ತ ಮೆತ್ತಗೆ ಕೇಳಿದಳು: "ಮಾಸ್, ಯಜಮಾನ ಅಂದ್ರೆ ಯಾರು? ಮೀಸೆ ಇರೋನಾ, ಮನೆ ನಡ್ಸೋರಾ?"

ಅವನು ಮೊಬೈಲ್ ತಡಕಿದ. "ನಿಯಮದ ಪ್ರಕಾರ... ಮನೆಗೆ ಹೆಚ್ಚು ದುಡ್ಡು ತರೋರು."

"ರೀ, ಹೋದ ತಿಂಗಳು ಎಷ್ಟು ಗಡಿಯಾರ ರಿಪೇರಿ ಮಾಡಿದ್ರಿ?"

"...ಎರಡು."

"ಒಂದು ನಮ್ದೇ."

ಅಧಿಕಾರಿಯ ಬೆರಳು ಟಕಟಕ ಓಡಿತು. ಯಜಮಾನಿ: ಸುಕಿನೆಮ್. ಓದು: ನಾಲ್ಕನೇ ಕ್ಲಾಸು, ಒಂದು ಅಂಕ. ಒಟ್ಟು ಇಪ್ಪತ್ತೇಳು. ಪಾಸು! ಸೆಕಾರ್ ಓಡಿ ಬಂದು ಅಪ್ಪಿಕೊಂಡಳು. (ನನ್ನನ್ನಲ್ಲ.)

"ಹಾಗಾದ್ರೆ ನನ್ನ ಹನ್ನೆರಡನೇ ಕ್ಲಾಸು?" ಎಂದು ಕೇಳಿದೆ.

"ಯಜಮಾನರ ಓದಿಗೆ ಮಾತ್ರ ಅಂಕ ಪಾ. ಉಳಿದವರದ್ದು ಲೆಕ್ಕಕ್ಕಿಲ್ಲ."

ಈಗ ನಮ್ಮ ಬಾಗಿಲಿಗೆ ಹಳದಿ ಚೀಟಿ ಅಂಟಿಸಿದ್ದಾರೆ: ಬಡ ಕುಟುಂಬ, ಯಜಮಾನಿ ಸುಕಿನೆಮ್, ಅವಲಂಬಿತರು ಇಬ್ಬರು. ನಿನ್ನೆ ಅಪರೂಪಕ್ಕೊಬ್ಬ ಗಿರಾಕಿ ಗೋಡೆ ಗಡಿಯಾರ ಹಿಡಿದು ಬಂದ. ಚೀಟಿ ಓದಿದ, ನನ್ನನ್ನು ನೋಡಿದ, ಗಡಿಯಾರವನ್ನು ಕಂಕುಳಿಗೆ ಸೇರಿಸಿಕೊಂಡ.

"ಯಜಮಾನ್ರು ಸಂತೆಯಿಂದ ಬಂದ್ಮೇಲೆ ಬರ್ತೀನಿ," ಎಂದು ಹೊರಟೇಹೋದ.