ಯಾರೂ ತಳ್ಳಬೇಡಿ

ನಮ್ಮ ಕಡೆ ರಸ್ತೆಬದಿಯಲ್ಲಿ ಒಂದು ಗಾಡಿ ಸುಮ್ಮನೆ ನಿಂತಿದೆ ಅಂದರೆ ಯಾರೂ ನಂಬುವುದಿಲ್ಲ. ಕೆಟ್ಟು ನಿಂತಿದೆ ಅಂತಲೇ ತೀರ್ಮಾನ. ಹಳೇ ಜೀಪುಗಳನ್ನು ತಳ್ಳಿ ತಳ್ಳಿಯೇ ಏರು ಹತ್ತಿಸಿದ ಜನ ನಾವು. ಹಿಂದಿನಿಂದ ಬಂದು, ಕೇಳದೆ, ಕೈ ಹಚ್ಚಿ ತಳ್ಳುವುದು ಇಲ್ಲಿನ ದೊಡ್ಡ ಮರ್ಯಾದೆ. ಆ ಮರ್ಯಾದೆಯವರ ಕೈಯಲ್ಲಿ ಸಿಕ್ಕಿ ಹೋದ ವರ್ಷ ನಾನು ಪಟ್ಟ ಪಾಡು ಯಾರಿಗೂ ಬೇಡ. ಒಂದಾದ ಮೇಲೆ ಒಂದು ನಡೆದೇ ನಡೆಯಿತು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ವಕೀಲರ ಷರತ್ತು

ನನ್ನದು ಸಾಗರದಲ್ಲಿ ಕನ್ನಡಕದ ಅಂಗಡಿ. ವಾರಕ್ಕೊಂದು ದಿನ ಹೊಸನಗರಕ್ಕೂ ಹೋಗಿ ಕಣ್ಣು ಪರೀಕ್ಷೆಗೆ ಕೂರುತ್ತೇನೆ. ವಯಸ್ಸು ಐವತ್ತು ದಾಟಿದೆ. ಮೊದಲು ಗೇರಿಲ್ಲದ ಸ್ಕೂಟರ್, ಆಮೇಲೆ ತಾನೇ ಗೇರು ಬದಲಾಯಿಸಿಕೊಳ್ಳುವ ಸಣ್ಣ ಕಾರು, ಇಷ್ಟರಲ್ಲೇ ಜೀವನ ಕಳೆದವಳು ಹೋದ ಬೇಸಿಗೆಯಲ್ಲಿ ಶಿವಮೊಗ್ಗದ ಡಾಕ್ಟರೊಬ್ಬರು ಮಾರಾಟಕ್ಕೆ ಇಟ್ಟಿದ್ದ ಸ್ಪೋರ್ಟ್ಸ್ ಕಾರನ್ನು ಮನೆಗೆ ತಂದುಬಿಟ್ಟೆ. ಹಳದಿ ಬಣ್ಣ. ಎರಡೇ ಬಾಗಿಲು, ಎರಡೇ ಸೀಟು. ಕೂತರೆ ರಸ್ತೆಯ ಮೇಲೇ ಕೂತ ಹಾಗೆ. ಆರು ಗೇರು, ಎಲ್ಲವನ್ನೂ ಕೈಯಲ್ಲೇ ಹಾಕಬೇಕು. ಹೈಸ್ಕೂಲಿನಲ್ಲಿದ್ದಾಗ ಕ್ಯಾಲೆಂಡರಿನಲ್ಲಿ ಅಂಥದೊಂದರ ಚಿತ್ರ ನೋಡಿದ್ದೆ. ಅವತ್ತಿನಿಂದ ಇದ್ದ ಆಸೆ.

ಊರಿನವರು ಕೇಳಿದ ಮೊದಲ ಪ್ರಶ್ನೆ, "ಮಗನಿಗಾ?" ನನಗೆ ಮಗನಿಲ್ಲ. "ಹಂಗಾರೆ ಅಳಿಯನಿಗಾ?" ನನಗೇ ಅಂದೆ. "ಅದು ಸರಿ, ಓಡಿಸೋದು ಯಾರು?" ಅಂದರು. ಸಿಟ್ಟು ಬಾರದೆ ಇನ್ನೇನು?

ತೀರ್ಥಹಳ್ಳಿಯಲ್ಲಿ ವಕೀಲನಾಗಿರುವ ನನ್ನ ಅಣ್ಣ ಅತ್ತಿಗೆಯನ್ನು ಕರೆದುಕೊಂಡು ನೋಡಲು ಬಂದ. ಕಾರಿನ ಸುತ್ತ ಒಂದು ಸುತ್ತು ಬಂದು, ಅಕ್ಕಪಕ್ಕದವರೆಲ್ಲ ಸೇರಿದ್ದಾಗಲೇ ತೀರ್ಪು ಕೊಟ್ಟ.

"ಇದು ನಿನ್ನ ಕೈಲಿ ಆಗೋದಲ್ಲ ಕಣೆ. ಆಗ್ತದೆ ಅಂತೀಯಾ? ದೀಪಾವಳಿಗೆ ಇದ್ರಲ್ಲೇ ತೀರ್ಥಹಳ್ಳಿಗೆ ಬಾ. ಒಬ್ಳೇ ಓಡಿಸ್ಕೊಂಡು ಬರ್ಬೇಕು. ನಮ್ಮನೆ ಗೇಟಿನವರೆಗೆ ಒಬ್ರ ಕೈಲೂ ತಳ್ಳಿಸ್ಬಾರ್ದು. ಹಂಗೆ ಬಂದ್ರೆ ನಾನು ಮತ್ತೆ ಬಾಯಿ ತೆಗೆಯಲ್ಲ. ತಳ್ಳಿಸ್ಕೊಂಡು ಬಂದ್ಯೋ, ಮಾರ್ಬಿಡ್ಬೇಕು."

"ಆಯ್ತು" ಅಂದೆ. ಸಿಟ್ಟಿನಲ್ಲಿ ಅಂದದ್ದು ನಿಜ, ಆದರೆ ಅಷ್ಟು ಜನರ ಎದುರು ಅಂದಾಗಿತ್ತು. ಹೊರಡುವಾಗ ಅತ್ತಿಗೆ ನನ್ನ ಕೈ ಹಿಡಿದು, "ಮಾರ್ಬೇಡ ಕಣೇ, ಚೆಂದ ಇದೆ" ಎಂದು ಪಿಸುಗುಟ್ಟಿದಳು. ಅಣ್ಣ ತನ್ನ ದೊಡ್ಡ ಕಾರು ಹತ್ತಿದ. ಅದು ತಾನೇ ಗೇರು ಹಾಕಿಕೊಂಡು ಗೇಟು ದಾಟಿತು. ನನಗೆ ಗೇರಿನ ಬಗ್ಗೆ ಉಪದೇಶ ಮಾಡಿದ ಮನುಷ್ಯನ ಎಡಗಾಲಿಗೆ ಆ ಕಾರಿನಲ್ಲಿ ಮಾಡಲು ಏನೂ ಕೆಲಸವಿರಲಿಲ್ಲ.

ಥಿಯರಿ ಮೇಷ್ಟ್ರು

ನಮ್ಮ ಮನೆಯವರು ನಿವೃತ್ತ ಗಣಿತದ ಮೇಷ್ಟ್ರು. ಜೀವಮಾನದಲ್ಲಿ ಸೈಕಲ್ ಬಿಟ್ಟು ಇನ್ನೇನನ್ನೂ ಓಡಿಸಿದವರಲ್ಲ. ಆದರೆ ಮೊಬೈಲಿನಲ್ಲಿ ನಾಲ್ಕಾರು ವಿಡಿಯೋ ನೋಡಿ, ನನಗೆ ಕಲಿಸಲು ಪಕ್ಕದ ಸೀಟಿನಲ್ಲಿ ಕೂತರು.

"ಎಡಗಾಲು ಎಷ್ಟು ಮೇಲೆ ಬರ್ತದೋ, ಬಲಗಾಲು ಅಷ್ಟು ಕೆಳಗೆ ಹೋಗ್ಬೇಕು. ಅಷ್ಟೇ."

ಅಷ್ಟೇ! ಆ ಕಾರಿನ ಕ್ಲಚ್ಚು ಒತ್ತಲು ಒನಕೆ ಹಿಡಿದವರ ಶಕ್ತಿ ಬೇಕು. ಬಿಡುವಾಗ ಮಾತ್ರ ಕೂದಲೆಳೆಯಷ್ಟು ಜಾಸ್ತಿಯಾದರೂ ಕಾರು ಕಪ್ಪೆಯ ಹಾಗೆ ಒಂದು ಜಿಗಿತ ಜಿಗಿದು ಆಫ್. ನಮ್ಮ ಬೀದಿಯ ಏರಿನಲ್ಲಿ ಜಿಗಿದು ನಿಂತಿತು. ಮತ್ತೆ ಸ್ಟಾರ್ಟ್ ಮಾಡಿದೆ, ಮತ್ತೆ ಜಿಗಿದು ನಿಂತಿತು. ಪ್ರತಿ ಸಲವೂ ಇವರು ಉತ್ತರ ಪತ್ರಿಕೆ ತಿದ್ದುವ ಧ್ವನಿಯಲ್ಲಿ "ತಪ್ಪು" ಅನ್ನುತ್ತಿದ್ದರು.

ಅಷ್ಟರಲ್ಲಿ ಹಾಲಿನ ಡೇರಿಗೆ ಹೊರಟಿದ್ದವರು ಕ್ಯಾನುಗಳನ್ನು ಕೆಳಗಿಟ್ಟು ಬಂದು ಕಾರನ್ನು ಏರಿನ ತುದಿಯವರೆಗೆ ತಳ್ಳಿಯೇಬಿಟ್ಟರು. ಬೇಡ ಬೇಡ ಅಂತ ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ. ತಳ್ಳಿ ಮುಗಿಸಿ, ಕಿಟಕಿಗೆ ಬಗ್ಗಿ ಬುದ್ಧಿಯನ್ನೂ ಹೇಳಿದರು. "ಅಕ್ಕಾ, ಕಲಿಯೋದಾದ್ರೆ ಬಯಲಲ್ಲಿ ಕಲೀಬೇಕು. ಏರಲ್ಲಿ ಅಲ್ಲ." ಆ ವರ್ಷವಿಡೀ ನನ್ನನ್ನು ತಳ್ಳಿದ ಪ್ರತಿಯೊಬ್ಬರೂ ಇದನ್ನೇ ಹೇಳಿದರು. ಎಲ್ಲರೂ ಒಂದೇ ಶಾಲೆಯಲ್ಲಿ ಕಲಿತಿದ್ದರೇನೋ.

ನಾನು ಕೆಳಗಿಳಿದು ಬಾಗಿಲು ಬಡಿದು, "ಅಷ್ಟು ಸುಲಭ ಇದ್ರೆ ನೀವೇ ಓಡಿಸಿ ಬನ್ನಿ" ಅಂದೆ.

ಇವರು ಸೀಟು ಬೆಲ್ಟನ್ನು ಇನ್ನೂ ಬಿಗಿ ಮಾಡಿಕೊಂಡು ಹೇಳಿದರು: "ನಂದು ಥಿಯರಿ ಮಾತ್ರ. ಪ್ರಾಕ್ಟಿಕಲ್ಲು ನಿನ್ನದು."

ಹೆಗ್ಗೋಡಿನ ಲಿಫ್ಟು

ಮಳೆಗಾಲ ಕಡಿಮೆಯಾದ ಮೇಲೆ ಹೆಗ್ಗೋಡಿನ ರಸ್ತೆಯಲ್ಲಿ ಅಭ್ಯಾಸ ಶುರು ಮಾಡಿದೆ. ಒಂದು ದಿನ ಸಾಗರಕ್ಕೆ ವಾಪಸ್ ಬರುವಾಗ ಬಸ್ ಸ್ಟಾಪಿನಲ್ಲಿದ್ದ ಅಜ್ಜ ಅಜ್ಜಿ ಕೈ ಅಡ್ಡ ಮಾಡಿದರು. ಅಜ್ಜಿಯ ಕನ್ನಡಕ ನಮ್ಮಂಗಡಿಯದೇ. ಪರಿಚಯದವರಿಗೆ ಲಿಫ್ಟ್ ಕೊಡದೆ ಹೋದರೆ ನಮ್ಮಲ್ಲಿ ಅದು ತಿಂಗಳುಗಟ್ಟಲೆ ಸುದ್ದಿ.

"ಎಂಗೊಗೂ ಜಾಗ ಇದ್ದಾ ತಂಗೀ?" ಅಜ್ಜ ಅಜ್ಜಿಯನ್ನೂ ತನ್ನನ್ನೂ ತೋರಿಸಿ ಕೇಳಿದರು.

"ಒಬ್ರಿಗೆ ಮಾತ್ರ ಅಜ್ಜ. ಹಿಂದೆ ಸೀಟಿಲ್ಲ."

"ಸೀಟೇ ಇಲ್ಲೆ ಅಂದ್ರೆ ಇದೆಂತ ಕಾರೇ?" ಅಜ್ಜ ಕಾರನ್ನು ಮರುಕದಿಂದ ನೋಡಿದರು. ಅಷ್ಟರಲ್ಲಿ ಅಜ್ಜಿ, "ನಿಂಗೊ ಬಸ್ಸಿಗೆ ಬನ್ನಿ" ಅಂದು ಒಳಗೆ ಇಳಿದಾಗಿತ್ತು. ಹೌದು, ಇಳಿದೇ ಆಗಿತ್ತು. ಆ ಕಾರಿಗೆ ಹತ್ತುವುದು ಅಂತ ಇಲ್ಲ.

ಸಾಗರ ಬರುವಷ್ಟರಲ್ಲಿ ಹಂಪ್ ಕಂಡಲ್ಲೆಲ್ಲ ನಿಧಾನ ಮಾಡಿ, ನಿಧಾನ ಮಾಡಿದಲ್ಲೆಲ್ಲ ಆಫ್ ಮಾಡಿದೆ. ಹಿಂದೆ ಬಂದ ಬಸ್ಸು ನಮ್ಮನ್ನು ದಾಟಿಹೋಯಿತು. ಕಿಟಕಿಯಿಂದ ಅಜ್ಜ ಖುಷಿಯಾಗಿ ಕೈ ಬೀಸಿದರು. ಅಜ್ಜಿ ಮುಖ ತಿರುಗಿಸಿದರು.

ಕೊನೆಗೂ ಅಂಗಡಿಯ ಎದುರು ಬಂದು ನಿಲ್ಲಿಸಿ ಬಾಗಿಲು ತೆಗೆದೆ. ಅಜ್ಜಿ ಅಲುಗಲಿಲ್ಲ. "ಕೂತದ್ದು ಸಮಾ ಆತು. ಏಳದು ಹ್ಯಾಂಗೆ ಮಾರಾಯ್ತಿ?" ನಾನು ಎಳೆದೆ. ಪಕ್ಕದ ಬೇಕರಿಯವರು ಬಂದು ಎಳೆದರು. ಅಜ್ಜಿಗೆ ನಗು ಬಂದು, ನಗುವವರನ್ನು ಎತ್ತುವುದು ಇನ್ನೂ ಕಷ್ಟವಾಯಿತು. ಯಾವಾಗಲೋ ಬಂದು ಮುಟ್ಟಿದ್ದ ಅಜ್ಜ ಬೇಕರಿಯಲ್ಲಿ ಚಾ ಕುಡಿದು ಮುಗಿಸಿ, ಬಾಯಿ ಒರೆಸಿಕೊಳ್ಳುತ್ತ ಬಂದು ನೋಡಿದರು.

"ಕಷ್ಟ ಎಂತಕ್ಕೆ? ಹಂಗೇ ವಾಪಸ್ ಮನೆಗೆ ಬಿಟ್ಟುಬಾ ತಂಗೀ" ಅಂದರು. "ಆನು ಪ್ಯಾಟೆಯಲ್ಲಿ ಒಂದು ಸುತ್ತು ಹೊಡ್ಕಂಡು ಸಾವಕಾಶ ಬತ್ತೆ."

ನಿಂಬೆಹಣ್ಣು

ಆಯುಧಪೂಜೆ ಬಂತು. ಮನೆಗೆ ಹೊಸದಾಗಿ ಬಂದ ಗಾಡಿ, ಹಳದಿ ಬೇರೆ, ಚೆಂಡು ಹೂವಿನ ಹಾರ ಹಾಕಿದರೆ ಹಾರ ಯಾವುದು ಕಾರು ಯಾವುದು ಗೊತ್ತಾಗುತ್ತಿರಲಿಲ್ಲ. ಭಟ್ಟರು ಮಂಗಳಾರತಿ ಮುಗಿಸಿ, ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟು, "ಹೂಂ, ಮುಂದೆ ಬಿಡಿ" ಅಂದರು.

ಬೀದಿಯ ಅಷ್ಟೂ ಜನ ನೋಡುತ್ತಿದ್ದರು. ಕ್ಲಚ್ಚು ಬಿಟ್ಟೆ. ಕಾರು ನಿಂಬೆಹಣ್ಣಿಗೆ ಮೂಗು ತಾಗಿಸಿ ಆಫ್ ಆಯಿತು. ಮತ್ತೆ ಬಿಟ್ಟೆ. ಒಂದು ನಿಂಬೆಹಣ್ಣು ಉರುಳಿ ಚರಂಡಿಗೆ ಹೋಯಿತು, ಮಿಕ್ಕವು ಹಾಗೇ ಗುಂಡಗೆ ಕೂತಿದ್ದವು. ಭಟ್ಟರು ಬೇರೊಂದನ್ನು ತಂದಿಟ್ಟು "ಸಾವಕಾಶ, ಸಾವಕಾಶ" ಅಂದರು. ಗುಂಪಿನಲ್ಲಿ ಯಾರೋ ಅಪಶಕುನ ಅಂದರು. ನನಗೆ ಕಣ್ಣಿಗೆ ನೀರು ಬರುವಷ್ಟು ಸಿಟ್ಟು. ಎಂಥೆಂಥ ಗುಜರಿ ಲಾರಿಗಳು ಹೊಗೆ ಬಿಟ್ಟುಕೊಂಡು ನಿಂಬೆಹಣ್ಣು ಒಡೆದು ಹೋಗುತ್ತವೆ, ನನ್ನ ಆರು ಗೇರಿನ ಕಾರಿಗೆ ಒಂದು ನಿಂಬೆಹಣ್ಣೂ ಬಗ್ಗಲಿಲ್ಲ.

ಆಗ ನಡೆಯಬೇಕಾದದ್ದೇ ನಡೆಯಿತು. ಕೈಗಳು ಬಂದವು, ತಳ್ಳಿದವು, ಪಚಕ್ ಅಂತ ನಾಲ್ಕೂ ಒಡೆದವು. ಭಟ್ಟರು ಸಂತೋಷದಿಂದ ಗಂಟೆ ಬಾರಿಸಿದರು.

"ಆದ್ರೆ ಕಾರು ಓಡ್ಲೇ ಇಲ್ವಲ್ಲ ಭಟ್ರೇ" ಅಂದೆ.

"ನಿಂಬೆಹಣ್ಣು ಒಡೀಬೇಕು ಅಂತ ಶಾಸ್ತ್ರ ಉಂಟಮ್ಮ" ಅಂದರು ಭಟ್ಟರು, ಅಕ್ಷತೆ ಹಾಕುತ್ತ. "ಇಂಜಿನ್ನು ಸ್ಟಾರ್ಟ್ ಇರ್ಬೇಕು ಅಂತ ಎಲ್ಲೂ ಹೇಳಿಲ್ಲ."

ಹೊಸನಗರದ ಬೋರ್ಡು

ಇದು ಮಾತ್ರ ಕ್ಷಮಿಸಲು ಆಗದ್ದು. ಹೊಸನಗರದಲ್ಲಿ ಕೆಲಸ ಮುಗಿಸಿ ಬರುವಾಗ ಫೋನ್ ಬಂತು. ಕಾನೂನು ಪಾಲಿಸುವ ಹೆಂಗಸು ನಾನು. ಕಾರು ಪಕ್ಕಕ್ಕೆ ಹಾಕಿ, ಇಂಜಿನ್ ಬಂದ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು ಮಾತಾಡುತ್ತಿದ್ದೆ. ಗಿರಾಕಿಯೊಬ್ಬರು ಕನ್ನಡಕ ಹಾಕಿದರೆ ನೆಲ ಓಡಿದ ಹಾಗೆ ಕಾಣುತ್ತದೆ ಅಂತ ದೂರುತ್ತಿದ್ದರು. "ಅದೆಲ್ಲ ಭ್ರಮೆ, ಎರಡು ದಿನಕ್ಕೆ ಸರಿಹೋಗ್ತದೆ" ಅನ್ನುತ್ತಿದ್ದ ಹಾಗೇ ನನಗೂ ನೆಲ ಓಡತೊಡಗಿತು. ತಿರುಗಿ ನೋಡಿದರೆ ಹಿಂದೆ ಐದಾರು ಜನ! ನಾನು ಬ್ರೇಕು ಹುಡುಕುವಷ್ಟರಲ್ಲಿ ಗ್ಯಾರೇಜಿನ ಬಾಗಿಲಿಗೇ ತಂದು ಮುಟ್ಟಿಸಿದ್ದರು. "ಬ್ಯಾಟ್ರಿ ಹೋಗಿದೆ ಅಕ್ಕಾ, ಇಷ್ಟು ತಳ್ಳಿದ್ರೂ ಸ್ಟಾರ್ಟ್ ಆಗ್ಲಿಲ್ಲ" ಅಂದರು. ಕೀಲಿ ನನ್ನ ಕೈಯಲ್ಲಿತ್ತು.

ಮರುದಿನವೇ ಬೋರ್ಡು ಬರೆಸಿದೆ. ಕಣ್ಣು ಪರೀಕ್ಷೆಯ ಚಾರ್ಟಿನಲ್ಲಿ ಎಲ್ಲಕ್ಕಿಂತ ಮೇಲಿರುತ್ತದಲ್ಲ, ಆ ಗಾತ್ರದ ಅಕ್ಷರದಲ್ಲಿ, ಕರ್ರಗೆ: "ಯಾರೂ ತಳ್ಳಬೇಡಿ." ಹಿಂದಿನ ಗಾಜಿಗೆ ಅಂಟಿಸಿದೆ.

ಮುಂದಿನ ವಾರ ಅದೇ ಜಾಗದಲ್ಲಿ, ಬೇಕೆಂದೇ, ನಿಲ್ಲಿಸಿ ಕಾದೆ. ಜನ ಬಂದರು. ಕಾರಿನ ಮೇಲೆ ಎರಡೂ ಕೈ ಊರಿ, ಬಗ್ಗಿ, "ಯಾ... ರೂ... ತಳ್ಳ... ಬೇಡಿ" ಅಂತ ಜೋರಾಗಿ ಓದಿದರು. ಓದಿದ ಮೇಲೆ ಹೇಗಿದ್ದರೂ ಕೈ ಅಲ್ಲೇ ಇತ್ತು ಅಂತ ತಳ್ಳಿದರು.

ದೀಪಾವಳಿ

ಕ್ಲಚ್ಚು ನನಗೆ ಒಲಿದದ್ದು ಚಪ್ಪಲಿಯಿಂದ. ಒಂದು ಸಂಜೆ ಅಂಗಡಿ ಮುಚ್ಚುವಾಗ ಚಪ್ಪಲಿ ಕಿತ್ತುಹೋಗಿ ಬರಿಗಾಲಲ್ಲೇ ಕಾರಿನೊಳಗೆ ಕೂತೆ. ಕ್ಲಚ್ಚು ಬಿಡುವಾಗ ಒಂದು ಜಾಗದಲ್ಲಿ ಪೆಡಲು ಸಣ್ಣಗೆ ನಡುಗಿದ್ದು ಅಂಗಾಲಿಗೆ ಗೊತ್ತಾಯಿತು. ಅಲ್ಲಿ ಒಂದು ಕ್ಷಣ ತಡೆದೆ. ಕಾರು ಬೆಣ್ಣೆಯ ಹಾಗೆ ಮುಂದೆ ಹೋಯಿತು. ಇಷ್ಟು ತಿಂಗಳು ಊರೆಲ್ಲ ಉಪದೇಶ ಮಾಡಿದರಲ್ಲ, ಚಪ್ಪಲಿ ಬಿಚ್ಚು ಅಂತ ಒಬ್ಬರಾದರೂ ಹೇಳಬಾರದಿತ್ತೇ? ಮನೆಗೆ ಬಂದು ಜಗಳ ತೆಗೆದರೆ ನಮ್ಮ ಮನೆಯವರು, "ಪಾದ ಥಿಯರಿಯಲ್ಲಿ ಬರಲ್ಲ" ಅಂದರು.

ಹಬ್ಬದ ದಿನ ಬೆಳಿಗ್ಗೆ ಒಬ್ಬಳೇ ಹೊರಟೆ. ಹೊಸನಗರ ದಾಟಿದೆ. ಹುಂಚದ ಕಡೆಯ ಏರಿನಲ್ಲಿ ಮುಂದಿದ್ದ ಲಾರಿ ಸರಿ ಮಧ್ಯದಲ್ಲಿ ನಿಂತಿತು. ನಾನೂ ನಿಲ್ಲಿಸಬೇಕಾಯಿತು. ಹ್ಯಾಂಡ್ ಬ್ರೇಕ್ ಹಾಕಿದೆ, ಲಾರಿ ಹೊರಟಿತು, ಫಸ್ಟ್ ಗೇರ್, ಅಂಗಾಲಿಗೆ ನಡುಕ ಸಿಕ್ಕಿತು, ಬ್ರೇಕು ಬಿಟ್ಟೆ. ಒಂದಿಂಚೂ ಹಿಂದೆ ಜಾರದೆ ಕಾರು ಏರು ಹತ್ತಿತು. ಒಬ್ಬಳೇ ಕಾರಿನೊಳಗೆ ಕೂಗಾಡಿದೆ. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ತೀರ್ಥಹಳ್ಳಿಯಲ್ಲಿ ಅಣ್ಣನ ಮನೆಯ ಬೀದಿಯೂ ಏರೇ. ಗೇಟು ಹಾಕಿತ್ತು. ಎದುರು ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟು, ಹಾರ್ನ್ ಮಾಡಿದೆ. ಅಣ್ಣ ಬಂದು ನೋಡಲಿ ಅಂತ. ಅಣ್ಣ ಬಂದ. ಗೇಟು ತೆಗೆದ. ನಾನು ಬ್ರೇಕು ಬಿಟ್ಟು ಗೇರು ಹಾಕುವಷ್ಟರಲ್ಲಿ ನನ್ನ ಕಾರು ತಾನಾಗಿಯೇ ಅಂಗಳದೊಳಕ್ಕೆ ಹೋಗತೊಡಗಿತು. ಹೂವು, ಅಡಿಕೆಯ ಸಿಂಗಾರ ಹಿಡಿದು ಹೋಗುತ್ತಿದ್ದ ಬೀದಿಯ ನಾಲ್ಕು ಜನ ಅದನ್ನೆಲ್ಲ ಕಾಂಪೌಂಡಿನ ಮೇಲಿಟ್ಟು ತಳ್ಳುತ್ತಿದ್ದರು!

"ತಳ್ಳಿಸ್ಕೊಂಡೇ ಬಂದ್ಯಲ್ಲೇ" ಅಂದ ಅಣ್ಣ, ಹೊಟ್ಟೆ ಹಿಡಿದುಕೊಂಡು ನಗುತ್ತ.

"ಇಂಜಿನ್ ಚಾಲೂ ಇದೆ! ಕೇಳ್ಸಲ್ವಾ ನಿಂಗೆ?"

"ಷರತ್ತು ಅಂದ್ರೆ ಷರತ್ತು. ಗೇಟಿನ ಹತ್ರ ತಳ್ಳಿದ್ದಕ್ಕೆ ಸಾಕ್ಷಿ ನಾನೇ ಇದ್ದೀನಿ. ಮಾರ್ಬೇಕು."

ಸಾಗರದಿಂದ ತೀರ್ಥಹಳ್ಳಿಯವರೆಗೆ ಒಂದು ಸಲವೂ ಆಫ್ ಮಾಡದೆ ಬಂದವಳು ಗೇಟಿನಲ್ಲಿ ಸೋತೆ ಅಂದರೆ ಯಾವ ನ್ಯಾಯ? ಆಗ ಅತ್ತಿಗೆ, ಅವಳ ಹೊಟ್ಟೆ ತಣ್ಣಗಿರಲಿ, ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದಳು: "ಹೌದ್ರೀ, ನೀವಾದ್ರೂ ಒಂದ್ಸಲ ಓಡಿಸಿ ತೋರ್ಸಿ. ಇವಳಿಗೆ ಬುದ್ಧಿ ಬರ್ಲಿ."

"ಅದ್ರಲ್ಲಿ ಎಂತದು?" ಅಂದ ಅಣ್ಣ, ಹಬ್ಬದ ಹೊಸ ಪಂಚೆ ಎತ್ತಿ ಕಟ್ಟಿಕೊಂಡು ಒಳಗೆ ಇಳಿದ. ಆ ನಾಲ್ವರೇ ಕಾರನ್ನು ಹಿಂದಕ್ಕೆ ತಳ್ಳಿ ರಸ್ತೆಗೆ ನಿಲ್ಲಿಸಿ ಕೊಟ್ಟರು.

ಅಣ್ಣ ಕ್ಲಚ್ಚು ಬಿಟ್ಟ. ಕಪ್ಪೆ ಜಿಗಿಯಿತು, ಆಫ್. ಮತ್ತೆ ಬಿಟ್ಟ. ಮತ್ತೆ ಜಿಗಿತ. ಇಡೀ ಬೀದಿ ಹೊರಗೆ ಬಂತು. ಮತ್ತೆ ಮತ್ತೆ ಜಿಗಿದು, ನಾಲ್ವರ ಕೈಯಲ್ಲಿ ತಳ್ಳಿಸಿಕೊಂಡು, ತೀರ್ಥಹಳ್ಳಿಯ ಪ್ರಸಿದ್ಧ ವಕೀಲರು ಹಳದಿ ಕಾರಿನಲ್ಲಿ ಏರಿನ ತುದಿ ಮುಟ್ಟಿದರು. ತಳ್ಳಿದವರಲ್ಲಿ ಒಬ್ಬ ಬೆವರು ಒರೆಸಿಕೊಂಡು ನನ್ನ ಹತ್ತಿರ ಬಂದ.

"ಅಕ್ಕಾ, ವಕೀಲ್ರಿಗೆ ಕಲಿಸ್ತಿದ್ದೀರಾ? ಕಲಿಸೋದಾದ್ರೆ ಬಯಲಲ್ಲಿ ಕಲಿಸ್ಬೇಕು. ಏರಲ್ಲಿ ಅಲ್ಲ."

ಅಣ್ಣ ಅದನ್ನು ಕೇಳಿಸಿಕೊಂಡು ಹೊರಗೆ ಬರಲು ನೋಡಿದ. ಆಗಲಿಲ್ಲ. ಆ ಸೀಟು ಹೆಗ್ಗೋಡಿನ ಅಜ್ಜಿಯನ್ನೇ ಬಿಟ್ಟಿರಲಿಲ್ಲ, ಇವನ ಹೊಟ್ಟೆಯನ್ನು ಬಿಡುತ್ತದೆಯೇ? ಒಂದು ಕೈಯಲ್ಲಿ ಪಂಚೆ, ಒಂದು ಕೈಯಲ್ಲಿ ಸ್ಟೇರಿಂಗು ಹಿಡಿದು, "ಎತ್ತೇ ಸ್ವಲ್ಪ" ಅಂದ. ನಾಲ್ವರೂ ಓಡಿದರು.

"ಯಾರೂ ಕೈ ಹಚ್ಬೇಡಿ!" ಅಂತ ಕೂಗಿದೆ. ಎಲ್ಲ ನಿಂತರು. ನಾನು ಬಾಗಿಲಿಗೆ ಒರಗಿ ಕೈಕಟ್ಟಿ ಕೇಳಿದೆ, "ಕಾರು ಮಾರ್ಬೇಕಾ ಅಣ್ಣಾ?"

ಅಣ್ಣ ಬೀದಿಯನ್ನು ನೋಡಿದ. ಬೀದಿ ಅವನ ಪಂಚೆಯನ್ನು ನೋಡುತ್ತಿತ್ತು. "ಬೇಡ ಮಾರಾಯ್ತಿ, ಇಟ್ಕೋ" ಅಂದ.

ನಾಲ್ವರೂ ನನ್ನ ಮುಖ ನೋಡಿದರು. ಒಬ್ಬ ಮುಂದೆ ಬಂದ. ಆ ವರ್ಷದಲ್ಲಿ ಮೊಟ್ಟಮೊದಲ ಸಲ ಒಬ್ಬ ಮನುಷ್ಯ ನನ್ನನ್ನು ಕೇಳಿದ:

"ಅಕ್ಕಾ, ಈಗ ಕೈ ಹಚ್ಬೋದಾ?"