ಫೋನಿನೊಳಗಿನ ಮುದುಕ ಸತ್ತ ದಿನ

ಮೂವತ್ತು ವರ್ಷ ಮೋರಖಂಡಿಯ ಬಯಲಿನಲ್ಲಿ ಕುರಿ ಕಾಯ್ದವನು ನಾನು. ಮಳೆ, ತೋಳ, ಕಳ್ಳ, ಯಾವುದಕ್ಕೂ ಒಂದು ಮರಿಯನ್ನೂ ಬಿಟ್ಟುಕೊಟ್ಟವನಲ್ಲ. ಹಾಗಾಗಿ ಮಗಳು ನನ್ನ ಫೋನಿನಲ್ಲಿ ಒಂದು ಆಟ ಹಾಕಿಕೊಟ್ಟು, "ಅಪ್ಪಾ, ಇದರಾಗ ಕುರಿ ಕಾಯೋ ಮುದುಕ ಒಬ್ಬಾಂವ ಮೊಮ್ಮಗಳ್ನ ಕರ್ಕೊಂಡು ಗುಡ್ಡ ದಾಟಬೇಕು. ನೀನೇ ದಾಟಸು" ಎಂದಾಗ ನಕ್ಕುಬಿಟ್ಟೆ. ಇದೂ ಒಂದು ಕೆಲಸವೇ!

ಆಟ ಕೊಟ್ಟು ಮಗಳು ತಾಯಿಯ ಜೊತೆ ಹುಮನಾಬಾದಿಗೆ ಹೋದಳು. ಅಲ್ಲಿ ನನ್ನ ಅತ್ತೆ ಬಿದ್ದು ಕಾಲು ಮುರಿದುಕೊಂಡಿದ್ದರು. ನಾನು ಹೋಗಲಿಲ್ಲ. ಹೋಗುವ ಮುಖವೂ ಇರಲಿಲ್ಲ. ಮೂರು ವರ್ಷದ ಹಿಂದೆ ಮಾವ ತೀರಿಕೊಂಡಾಗ ನನ್ನ ಕಣ್ಣಿಂದ ಒಂದು ಹನಿ ನೀರು ಬರಲಿಲ್ಲ. ಕಲ್ಲೆದೆಯ ಅಳಿಯ ಎಂದು ಅತ್ತೆ ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದರು. ಏನಾದರೂ ಕೇಳಬೇಕಿದ್ದರೆ ನನ್ನೆದುರೇ ತಮ್ಮ ಮಗಳಿಗೆ ಹೇಳುತ್ತಿದ್ದರು: "ನಿನ್ನ ಗಂಡಗ ಚಹಾ ಬೇಕೇನು ಕೇಳು." ಆ ಚಹಾ ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ, ಒಲೆ ಹಚ್ಚುವ ಮೊದಲು ಐದು ನಿಮಿಷ ಆಡೋಣವೆಂದು ಕಟ್ಟೆಯ ಮೇಲೆ ಕೂತೆ. ಮುದುಕನನ್ನು ಹೊಳೆ ದಾಟಿಸಿದೆ, ತೋಳ ಓಡಿಸಿದೆ. ಮೇಲೆ ಹೋದಂತೆ ಹಿಮ ಬೀಳತೊಡಗಿತು. ಮುದುಕ ತನ್ನ ಕಂಬಳಿ ತೆಗೆದು ಮೊಮ್ಮಗಳಿಗೆ ಹೊದಿಸಿದ. ಆಮೇಲೆ ಒಂದು ಬಂಡೆಗೆ ಒರಗಿ ಕೂತ. ಏಳಲಿಲ್ಲ. ನಾನು ಬೆರಳಿನಿಂದ ಒತ್ತಿದೆ, ತಿಕ್ಕಿದೆ, ಕಡೆಗೆ "ಏಳೋ ಯಪ್ಪಾ" ಎಂದು ಬೇಡಿಕೊಂಡೆ. ನನ್ನದೇ ತಪ್ಪಿರಬೇಕೆಂದು ಮೊದಲಿನಿಂದ ಆಡಿದೆ. ಏಳು ಸಲ ಆಡಿದೆ. ಏಳು ಸಲವೂ ಅದೇ ಬಂಡೆ! ಕಡೆಯ ಸಲ ಆ ಹುಡುಗಿ ಅಜ್ಜನ ಕೈ ಹಿಡಿದು ಎಳೆಯುವಾಗ ನನಗೆ ತಡೆಯಲಾಗಲಿಲ್ಲ. ಗೊಳೋ ಎಂದು ಅತ್ತುಬಿಟ್ಟೆ.

ಪಕ್ಕದ ಮನೆಯ ಗುಂಡಮ್ಮಕಾಕಿ ಓಡಿ ಬಂದಳು. "ಏನಾಯ್ತೋ ತಮ್ಮಾ?"

ಅಳುತ್ತಲೇ ಫೋನು ತೋರಿಸಿದೆ. ಅತ್ತೆ ಬಿದ್ದ ಸುದ್ದಿ ಗೊತ್ತಿದ್ದ ಆಕೆ ಒಳಗೆ ಇಣುಕಿ ತಣ್ಣಗಿದ್ದ ಒಲೆ ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡು ಹೊರಟುಹೋದಳು.

ಸ್ವಲ್ಪ ಹೊತ್ತಿನಲ್ಲೇ ಮೂರು ಮನೆಗಳಿಂದ ರೊಟ್ಟಿ, ಬೇಳೆ, ಪುಂಡಿಪಲ್ಯ ಬಂದವು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರೇ ಬುತ್ತಿ ತರುತ್ತಾರೆ. ಇದು ನನಗೆ ಗೊತ್ತಿಲ್ಲದ ಪದ್ಧತಿಯೇನಲ್ಲ. ಆದರೂ ನಾನೆಂಬ ಈ ಮಹಾಶಯ, ಹೆಂಡತಿ ಊರಲ್ಲಿಲ್ಲವೆಂದು ಜನ ಎಷ್ಟು ಪ್ರೀತಿಯಿಂದ ತಂದಿದ್ದಾರೆ ಎಂದುಕೊಂಡು ಐದು ರೊಟ್ಟಿ ಉಂಡ! ಎಲ್ಲರೂ ಸುತ್ತ ಕೂತು ನೋಡಿದರು. "ಪಲ್ಯಾ ಛಲೋ ಆಗ್ಯಾದ" ಎಂದೆ.

"ಮಣ್ಣು ಮಾಡೂದು ಎಷ್ಟಕ್ಕ ಇಟ್ಟಾರ?" ಎಂದು ಗುಂಡಮ್ಮಕಾಕಿ ಕೇಳಿದಳು.

"ಯಾರನ್ನ?"

"ನಿಮ್ಮತ್ತೀನ! ನಮ್ಮನಿಯವರು ನಾಕು ಮಂದೀನ ಕರ್ಕೊಂಡು, ಹಾರ ತಗೊಂಡು, ಜೀಪಿನ್ಯಾಗ ಆಗಳೇ ಹೋದರಲ್ಲ!"

ಹೆಂಡತಿಗೆ ತಿಳಿಸೋಣವೆಂದರೆ, ಮುದುಕನನ್ನು ಏಳು ಸಲ ಕೊಂದ ಫೋನು ಈಗ ಚಾರ್ಜು ಮುಗಿದು ತಾನೂ ಸತ್ತಿತ್ತು; ಅವಳ ನಂಬರು ಅದರೊಳಗೇ ಇತ್ತು. ಜೀಪಿನವರನ್ನು ತಡೆಯಲು ಬೈಕ್ ಹತ್ತಿದೆ. ಬಸವಕಲ್ಯಾಣ ದಾಟಿದ ಮೇಲೆ, ರಾಜೇಶ್ವರದಲ್ಲಿ ಸಿಕ್ಕಾರೆಂಬ ಆಸೆಯಿಂದ ಒಂದೊಂದೇ ಚಹಾದ ಹೋಟೆಲಿನಲ್ಲಿ ಹಣಕಿ ನೋಡಿದೆ. ಸಾವಿಗೆ ಹೊರಟವರು ಚಹಾಕ್ಕೆ ನಿಲ್ಲುತ್ತಾರೆಯೇ! ಇದ್ದ ಸಮಯವೂ ಹೋಯಿತು.

ಹುಮನಾಬಾದಿನ ಮನೆಯಲ್ಲಿ ಅತ್ತೆ ಮಂಚದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಎದುರಿಗೆ ನಮ್ಮೂರಿನ ಐವರು ತಲೆ ತಗ್ಗಿಸಿ ಸಾಲಾಗಿ ನಿಂತಿದ್ದರು. ಗುಂಡಮ್ಮಕಾಕಿಯ ಗಂಡ ಹಾರವನ್ನು ಬೆನ್ನ ಹಿಂದೆ ಹಿಡಿದಿದ್ದ. ನಾನು ಒಳಗೆ ಕಾಲಿಟ್ಟದ್ದೇ ತಡ, ಏನು ಮಾಡಬೇಕೆಂದು ತೋಚದೆ ಅದನ್ನು ನನ್ನ ಕೊರಳಿಗೇ ಹಾಕಿಬಿಟ್ಟ!

ಐವರೂ ಯಾಕೆ ಬಂದರೆಂದು ಅತ್ತೆಗೆ ಗೊತ್ತಾಗಿತ್ತು. ಮೂರು ವರ್ಷದ ಮೇಲೆ ನೇರ ನನ್ನ ಮುಖ ನೋಡಿದರು. "ಅಳಿಯಂದ್ರ, ನನ್ನ ಸಲುವಾಗಿ ಅತ್ರಂತಲ್ರಿ. ಖರೇನು?"

ಹೌದು ಎಂದಿದ್ದರೆ ಮುಗಿದಿತ್ತು. ಆದರೆ ಅವರ ಕಣ್ಣು ತುಂಬಿತ್ತು. ಆ ಕಣ್ಣೆದುರು ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಇಲ್ರಿ ಅತ್ತಿ. ಫೋನಿನ್ಯಾಗಿನ ಮುದುಕ ಸತ್ತ. ಅದಕ್ಕ."

ಹೆಂಡತಿ ಹಣೆ ಬಡಿದುಕೊಂಡಳು. ನಾನು ಗಡಿಬಿಡಿಯಲ್ಲಿ ಹಿಮ, ಕಂಬಳಿ, ಬಂಡೆ, ಹುಡುಗಿ ಎಲ್ಲ ಹೇಳತೊಡಗಿದೆ. ಹೇಳುತ್ತ ಹೇಳುತ್ತ ಬೇರೆಯದೇ ಮಾತು ಹೊರಬಂತು. "ಮಾವಾರು ಹೋದ ದಿನ ನೀವೆಲ್ಲಾ ಅಳಾಕತ್ತಿದ್ರಿ. ಸ್ಮಶಾನದಾಗ ಕುಣಿ ತೋಡಸಾಕ ಯಾರರ ಒಬ್ರು ಬೇಕಿತ್ತಲ್ರಿ, ನಾ ಹೋದೆ. ಅಳೂದು ಹಂಗೇ ಉಳೀತು. ಇವತ್ತ ಆ ಮುದುಕ ಒರಗಿ ಕುಂತಾಗ ಮಾವಾರನ್ನೇ ನೋಡಿದಂಗಾತ್ರಿ."

ಅತ್ತೆ ಬೆಳ್ಳುಳ್ಳಿ ಬದಿಗಿಟ್ಟು, "ಫೋನ್ ಚಾರ್ಜಿಗೆ ಹಚ್ರಿ. ನಾನೂ ನೋಡ್ತೀನಿ" ಎಂದರು.

ಎಂಟನೇ ಸಲ. "ಕೂಡಬ್ಯಾಡೋ ಯಪ್ಪಾ!" ಎಂದು ಅತ್ತೆ ಕೂಗಿದರು. ಅವನು ಕೂತ. ಅತ್ತೆ ಸೆರಗಿನಿಂದ ಕಣ್ಣೊತ್ತಿಕೊಂಡರು. ಸಾವಿಗೆಂದು ಬಂದಿದ್ದ ಐವರೂ ಅತ್ತರು. ಅವರು ಬಂದ ಕೆಲಸವೂ ಒಂದು ಬಗೆಯಲ್ಲಿ ಆಯಿತು.

ಅತ್ತೆ ನನ್ನ ಕೈ ಹಿಡಿದುಕೊಂಡರು. "ನಾ ಹೋದ ದಿನ ಕುಣಿ ಮತ್ಯಾರರ ತೋಡಸ್ಲಿ. ನೀವು ನನ್ನ ಬಾಜೂಕ ಕುಂತು ಅಳ್ರಿ."

ಹೂಂ ಎನ್ನಲು ಬಾಯಿ ತೆರೆದೆ. ಅಳು ಬಂತು. ಅಲ್ಲೇ ಅವರ ಪಕ್ಕದಲ್ಲೇ ಕೂತು ಶುರು ಮಾಡಿಬಿಟ್ಟೆ.

"ಅಯ್ಯ ಶಿವನೇ, ಈಗ ಅಲ್ರಿ!" ಎಂದರು ಅತ್ತೆ. "ನಾ ಇನ್ನಾ ಇದ್ದೀನಿ!"